ಸಹಾಯ ಬೇಕು: ನಲಿ-ಕಲಿ ಮಕ್ಕಳ ಮನೆಗೆ ಸುದ್ದಿ ಮುಟ್ಟಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಟೀಚರ್; ಅಂದರೆ ಕಾರ್ಡ್, ಚಟುವಟಿಕೆಗಳ ಮೂಲಕ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಒಂದರಿಂದ ಮೂರನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿದ್ದಾರೆ.

ಮಗು ಕಲಿಕಾ ಏಣಿಯ (ಕಲಿಯಬೇಕಾದ್ದನ್ನು ಹಂತ ಹಂತವಾಗಿ ಜೋಡಿಸಿದ ಪಟ್ಟಿ) ಯಾವ ಮೆಟ್ಟಿಲಲ್ಲಿದೆ ಅಂತ ಪ್ರಗತಿ ನೋಟ (ಪ್ರತಿ ಮಗುವಿನ ಕಲಿಕೆ ಗುರುತು ಹಾಕುವ ಹಾಳೆ) ನೋಡಿದರೆ ನಮಗೆ ತಿಳಿಯುತ್ತದೆ. ಮನೆಯವರು ಮಾತ್ರ "ಎಷ್ಟನೇ ಪಾಠ ಆಯ್ತು ಮಿಸ್?" ಅಂತಲೇ ಕೇಳುತ್ತಾರೆ. ಪೋಷಕರ ಸಭೆಗೆ ಬಂದರೆ ಅವರಿಗೆ ಅವತ್ತಿನ ಕೂಲಿ ಹೋಗುತ್ತದೆ, ಅವರದೂ ತಪ್ಪಲ್ಲ.

ಮನೆ ಸುದ್ದಿ ನಮಗೂ ಗೊತ್ತಾಗಬೇಕಲ್ವಾ? ಚುರುಕಾಗಿ ಓದುತ್ತಿದ್ದ ಎರಡನೇ ತರಗತಿ ಹುಡುಗಿಯೊಬ್ಬಳು ಈಚೆಗೆ ಕಾರ್ಡ್ ಹಿಡಿದುಕೊಂಡು ಸುಮ್ನೆ ಕೂರುತ್ತಿದ್ದಳು. ಅಮ್ಮ ಕಾಫಿ ತೋಟದ ಕೆಲಸಕ್ಕೆ ಹೋಗಿದ್ದಾರೆ, ಈಗ ಅಜ್ಜಿಯೇ ನೋಡಿಕೊಳ್ಳುತ್ತಾರೆ ಅಂತ ಅವಳ ಅಣ್ಣ ಹೇಳಿದ. ಪಾಪ, ಆ ಮಗು ತಾನಾಗಿ ಬಾಯಿ ಬಿಡಲಿಲ್ಲ.

ವಾರಕ್ಕೊಮ್ಮೆ ಮನೆಗೆ ಏನಾದರೂ ಕಳಿಸಬೇಕು ಅಂತಿದ್ದೇನೆ. ಓದಲು ಬಾರದ ಪೋಷಕರೇ ಜಾಸ್ತಿ. ವಾಟ್ಸಾಪ್ ವಾಯ್ಸ್ ಮೆಸೇಜ್ ಕೇಳುತ್ತಾರಾ? ಕೀಪ್ಯಾಡ್ ಫೋನ್ ಇರುವವರಿಗೆ ಏನು ಮಾಡುತ್ತೀರಿ? 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ ಶುರುವಾದಾಗ ಪಾಠ ಮಾಡಿದ ಹಿರಿಯರು ಇಲ್ಲಿದ್ದರೆ ದಯವಿಟ್ಟು ಹೇಳಿ, ಮೊಬೈಲೇ ಇಲ್ಲದ ಆಗ ಮನೆಯವರಿಗೆ ಹೇಗೆ ತಿಳಿಸುತ್ತಿದ್ದಿರಿ?

ಓದಲು ಬಾರದ ಪೋಷಕರಿಗೆ ಕಳಿಸಲು ಚಿತ್ರದ ಹಾಳೆ ಮಾಡಿದವರಿದ್ದರೆ ಫೋಟೋ ಹಾಕಿ. ಮಕ್ಕಳ ಹೆಸರು ಮುಚ್ಚಿ ಹಾಕಿ.