ಚಾವಣಿ ಕೊರೆದರೂ ‘ಕನ್ನ’ವೇ?

ಎಲ್ಲರಿಗೂ ನಮಸ್ಕಾರ.

ಜೂಲ್ಸ್ ಡ್ಯಾಸಿನ್ ನಿರ್ದೇಶಿಸಿದ 1955ರ ಫ್ರೆಂಚ್ ಸಿನಿಮಾ ‘ರಿಫಿಫಿ’ ಬಗ್ಗೆ ಬರೆಯುತ್ತಿದ್ದೇನೆ. ಹೆಸರನ್ನು ಹಾಗೇ ಬಿಟ್ಟಿದ್ದೇನೆ. ಹೊಡೆದಾಟ, ಗಲಾಟೆಗೆ ಅಲ್ಲಿನ ರೌಡಿಗಳ ಮಾತು ಅದು. ಕ್ಲಬ್ಬಿನ ಹಾಡೊಂದು ಅದರ ಅರ್ಥ ಹೇಳುತ್ತೆ, ನಮಗೆ ಆ ಕಷ್ಟ ಇಲ್ಲ. ತೊಡಕಿರುವುದು ಬೇರೆ ಎರಡು ಪದಗಳಲ್ಲಿ.

ಮೊದಲನೆಯದು ಕನ್ನ. ಪ್ಯಾರಿಸ್ಸಿನ ಒಡವೆ ಅಂಗಡಿಗೆ ಕಳ್ಳರು ಇಳಿಯುವುದು ಮೇಲಿನ ಮಹಡಿಯ ನೆಲ ಕೊರೆದು. ಸುಮಾರು ಅರ್ಧ ಗಂಟೆ ಮಾತಿಲ್ಲ, ಸಂಗೀತವೂ ಇಲ್ಲ. ಸಣ್ಣ ತೂತು ಬಿದ್ದ ಕೂಡಲೇ ಮಡಿಚಿದ ಕೊಡೆಯೊಂದನ್ನು ಅದರಲ್ಲಿ ತೂರಿಸಿ ಕೆಳಗೆ ಬಿಚ್ಚುತ್ತಾರೆ. ಉದುರುವ ಗಾರೆ ಚೂರೆಲ್ಲ ಕೊಡೆಯೊಳಗೇ ಬೀಳಬೇಕು, ಸದ್ದಾಗಬಾರದು ಅಂತ. ಅಲಾರಂ ಬಾಯಿ ಮುಚ್ಚಿಸಲು ಬೆಂಕಿ ಆರಿಸುವ ನೊರೆ! ನೋಡುವವರೂ ಕೆಮ್ಮು ತಡೆದುಕೊಂಡು ಕೂರಬೇಕು.

ಕನ್ನ ಅಂದರೆ ಗೋಡೆಗೆ ಕೊರೆದ ಕಿಂಡಿ ಅಂತಲೇ ನಾನು ತಿಳಿದಿರುವುದು. ಪೊಲೀಸರು ಬೀಗ ಮುರಿದು ಕದ್ದರೂ ‘ರಾತ್ರಿ ಕನ್ನ ಕಳವು’ ಅನ್ನುತ್ತಾರೆ. ಹಾಗಾದರೆ ‘ಚಾವಣಿಗೆ ಕನ್ನ’ ಅನ್ನಬಹುದಾ? ಹೆಂಚು ಸರಿಸಿ ಇಳಿಯುವ ಕಳ್ಳತನಕ್ಕೆ ನಿಮ್ಮ ಕಡೆ ಬೇರೆ ಮಾತಿದೆಯಾ? ‘ದರೋಡೆ’ ಬೇಡ ಅನಿಸಿತು. ನಮ್ಮ ಕಾನೂನಿನ ಪ್ರಕಾರ ಅದಕ್ಕೆ ಕನಿಷ್ಠ ಐದು ಜನ ಬೇಕು, ಇಲ್ಲಿರುವುದು ನಾಲ್ಕೇ. ಪತ್ರಿಕೆಗಳು ತಲೆ ಎಣಿಸುವುದಿಲ್ಲ ಬಿಡಿ.

ಎರಡನೆಯದು ಇನ್ನೂ ಕಷ್ಟ. ಇವರು ಎಂಥ ಕಳ್ಳರು? ಬೀದಿಯಲ್ಲಿ ಯಾರು ಯಾವಾಗ ಓಡಾಡುತ್ತಾರೆ ಅಂತ ಗಮನಿಸುತ್ತಾರೆ. ಅಂಗಡಿಯಲ್ಲಿರುವಂಥದ್ದೇ ಅಲಾರಂ ತಂದಿಟ್ಟುಕೊಂಡು ಅದನ್ನು ಸುಮ್ಮನಾಗಿಸುವ ದಾರಿ ಹುಡುಕುತ್ತಾರೆ. ‘ವೃತ್ತಿಪರ ಕಳ್ಳ’ ಅಂದರೆ ಡಿಗ್ರಿ ಕೊಟ್ಟ ಹಾಗೆ ಕೇಳುತ್ತೆ. ‘ಕುಖ್ಯಾತ’ ಅಂದರೆ ಹೆಸರು ಕೆಟ್ಟವನು ಅಂತಷ್ಟೇ, ಕೆಲಸದ ಮಾತೇ ಬರಲ್ಲ. ‘ಚಾಳಿ’ಯಲ್ಲಿ ಬಿಡಲಾಗದ ದುರಭ್ಯಾಸದ ವಾಸನೆ ಜಾಸ್ತಿ. ಸದ್ಯಕ್ಕೆ ‘ಕಸುಬಿನ ಕಳ್ಳರು’ ಅಂತ ಬರೆದಿದ್ದೇನೆ. ಸಂಸ್ಕೃತ ನಾಟಕ ಮೃಚ್ಛಕಟಿಕದ ಕಳ್ಳ ಶರ್ವಿಲಕ ಜನಿವಾರದಿಂದ ಗೋಡೆ ಅಳೆದು, ಕನ್ನ ಯಾವ ಆಕಾರದಲ್ಲಿದ್ದರೆ ಚೆಂದ ಅಂತ ಯೋಚಿಸುತ್ತಾನಲ್ಲ, ಅವನಿಗೂ ಈ ಮಾತು ಒಪ್ಪುತ್ತೆ.

ಆದರೆ ‘ಕಸುಬು’ ಅಂದರೆ ಮರಗೆಲಸ, ಕಮ್ಮಾರಿಕೆ ಮಾಡುವವರಿಗೆ ಬೇಜಾರಾಗಬಹುದು ಅಂತ ಬರಹ ಓದಿದ ಸ್ನೇಹಿತರೊಬ್ಬರು ತಕರಾರು ತೆಗೆದಿದ್ದಾರೆ. ‘ಪಳಗಿದ ಕಳ್ಳರು’ ಸಾಕು ಅಂತ ಅವರ ವಾದ. ನನಗೆ ಅದರಲ್ಲಿ ಅನುಭವ ಕಾಣುತ್ತೆ, ಹೊಟ್ಟೆಪಾಡು ಕಾಣಲ್ಲ. ನೀವೇನಂತೀರಿ?