ನೇರಳೆ ಕಾಮಕಸ್ತೂರಿಯನ್ನು ಮಳೆಗಾಲ ದಾಟಿಸೋದು ಹೇಗೆ?

ತೀರ್ಥಹಳ್ಳಿ ಕಡೆಯಿಂದ:

ಶಿವಮೊಗ್ಗದ ನರ್ಸರಿಯೊಂದರಿಂದ ಡಾರ್ಕ್ ಓಪಲ್ ಅನ್ನೋ ಬೇಸಿಲ್ ಗಿಡ ತಂದು ಅಂಗಳದ ಅಂಚಿಗೆ ನೆಟ್ಟಿದ್ದೆ. ಎಲೆ, ದಂಟು ಎಲ್ಲ ಕಪ್ಪುನೇರಳೆ. ಬೇಸಿಗೆಯಲ್ಲಿ ಬಂದವರೆಲ್ಲ ಇದೇನು ಗಿಡ ಅಂತ ಕೇಳೋರು. ಆರಿದ್ರಾ ಮಳೆ ಹಿಡಿದದ್ದೇ ತಡ, ಎಲೆ ಉದುರ್ತಾ ಇದೆ, ಬುಡದಲ್ಲಿ ದಂಟು ಮೆತ್ತಗಾಗಿದೆ. ಉಳಿಸೋ ದಾರಿ ಇದೆಯಾ? ಅಡುಗೆಗೆ ಬರುತ್ತಾ, ಬರೀ ಚಂದಕ್ಕಾ? ಅತ್ತೆ ಬೇರೆ ಇದು ಕೃಷ್ಣತುಳಸಿ, ಅಡುಗೆಗೆಲ್ಲ ಕೀಳಬೇಡ ಅಂತಿದ್ದಾರೆ.

ಹೊಸನಗರದಿಂದ:

ಬುಡ ಮೆತ್ತಗಾದ ಮೇಲೆ ಆ ಗಿಡದ ಆಸೆ ಬಿಡಿ ಅಕ್ಕಾ. ತುದಿ ಇನ್ನೂ ಗಟ್ಟಿ ಇದ್ರೆ ಇವತ್ತೇ ಬೆರಳುದ್ದದ ಕುಡಿಗಳನ್ನ ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ. ಕತ್ತರಿಸಿದ ಜಾಗ ನೋಡಿ: ಒಳಗೆ ಸ್ವಚ್ಛ ಇದ್ರೆ ಸರಿ, ಕಂದು ಗೆರೆ ಕಂಡ್ರೆ ಇನ್ನೊಂದು ಗೆಣ್ಣು ಮೇಲಕ್ಕೆ ಹೋಗಿ. ಹೂತೆನೆ ಚಿವುಟಿ, ಕೆಳಗಿನ ಎಲೆ ತೆಗೆದು, ಲೋಟದ ನೀರಲ್ಲಿ ಅಡುಗೆಮನೆ ಕಿಟಕಿಗಿಡಿ. ನೀರು ದಿನಾ ಬದಲಿಸಿ. ವಾರ, ಹತ್ತು ದಿನಕ್ಕೆ ಬಿಳಿ ಬೇರು ಕಾಣುತ್ತೆ.

ನಮ್ಮ ಕಡೆ ಇದನ್ನ ಕೊಲ್ಲೋದು ಮೇಲೆ ಬೀಳೋ ಮಳೆಗಿಂತ ಬುಡದಲ್ಲಿ ನಿಲ್ಲೋ ನೀರು. ಅದಕ್ಕೇ ಮಳೆಗಾಲಕ್ಕೆ ನೆಲ ಬೇಡ, ಕುಂಡವೇ ಆಗಬೇಕು. ಅಡಿಗೆ ಜಂಬಿಟ್ಟಿಗೆ ಚೂರು ಹಾಕಿ, ಮೇಲೆ ಮಣ್ಣು, ಮರಳು, ಚೆನ್ನಾಗಿ ಕೊಳೆತ ದರಗಿನ (ಒಣಗಿ ಉದುರಿದ ಎಲೆಯ) ಗೊಬ್ಬರ ಸಮಸಮ. ಹಸಿ ಸಗಣಿ ಖಂಡಿತ ಬೇಡ. ಸೂರಿನ ನೀರು ಸಿಡಿಯದ ಹಾಗೆ ಜಗಲಿ ಮೇಲೆ ಮೂಡು ಬದಿಗಿಡಿ, ಕುಂಡದಡಿ ತಟ್ಟೆ ಇಡಬೇಡಿ. ಮಣ್ಣಿಗೆ ಬೆರಳು ಚುಚ್ಚಿ, ಒಣಗಿದ್ರೆ ಮಾತ್ರ ನೀರು. ಆ ಮೂರು ತಿಂಗಳು ಗಿಡ ಸಣಕಲಾಗಿ, ಎಲೆ ಹಸಿರಿಗೆ ತಿರುಗುತ್ತೆ. ಹೆದರಬೇಡಿ, ಬಿಸಿಲು ಸಾಲದ್ದಕ್ಕೆ ಹಾಗೆ. ದೀಪಾವಳಿ ಹೊತ್ತಿಗೆ ಪೂರ್ತಿ ಬಿಸಿಲಿಗೆ ತಂದ್ರೆ ಹೊಸ ಚಿಗುರು ನೇರಳೆಯಾಗೇ ಬರುತ್ತೆ. ಮುಂದಿನ ವರ್ಷ ಮೇ ಕೊನೆಗೇ ಕುಡಿ ಮಾಡಿಟ್ಟುಕೊಳ್ಳಿ.

ಆಗುಂಬೆ ಘಾಟಿ ಮೇಲಿಂದ:

ಕುಂಡ ಜಗಲಿಗೆ ಬಂದ ಕೂಡಲೇ ಸಿಂಬಳದ ಹುಳವೂ ಜಗಲಿಗೆ ಬರುತ್ತೆ, ಹೇಳಿಲ್ಲ ಅನ್ಬೇಡಿ. ಬೂದಿ ಉದುರಿಸಿ ಅಂತಾರೆ, ನಮ್ಮೂರ ಥಂಡಿಗೆ ಬೂದಿ ಒಂದು ರಾತ್ರಿಗೇ ಮುದ್ದೆ. ಊಟ ಆದ್ಮೇಲೆ ಬ್ಯಾಟರಿ ಹಿಡ್ಕೊಂಡು ಹೋಗಿ ಕುಂಡದ ಅಂಚು, ಅಡಿ ನೋಡಿ ಹೆಕ್ಕೋದೇ ಸೈ.

ಸಾಗರದಿಂದ:

ಅಡಿಕೆ ತೋಟದ ಪಕ್ಕ ಮನೆ ಇರೋರು ಔಷಧಿ ಹೊಡೆಯೋ ದಿನ ಕುಂಡ ಒಳಗೆ ಸೇರಿಸಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣ ಅಂದ್ರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಗಾಳಿ ಇದ್ರೆ ಹನಿ ಅಂಗಳಕ್ಕೂ ಬರುತ್ತೆ. ಉಳಿದ ದ್ರಾವಣ ಇದಕ್ಕೂ ಎರಚಿ, ಕೊಳೆಯೋದು ನಿಲ್ಲುತ್ತೆ ಅನ್ನೋರೂ ಸಿಗ್ತಾರೆ. ಕಿತ್ತು ತಿನ್ನೋ ಎಲೆಗೆ ಅದೆಲ್ಲ ಬೇಡ ಮಾರಾಯ್ರೆ.

ಅತ್ತೆಯವರಿಗೆ ಹೇಳಿ, ಇದು ಕಾಮಕಸ್ತೂರಿ ಜಾತಿ. ಕೃಷ್ಣತುಳಸಿಯ ಎಳೆ ದಂಟು ಸವರಿದ್ರೆ ಕೈಗೆ ಸಣ್ಣ ರೋಮ ತಾಗುತ್ತೆ. ಇದರ ಎಲೆ ಅಗಲ, ನುಣುಪು, ಹೊಳಪು, ಉಜ್ಜಿದ್ರೆ ಸೋಂಪಿನ ಘಮ. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ 1950ರ ದಶಕದಲ್ಲಿ ಮಾಡಿದ ತಳಿ, 1962ರಲ್ಲಿ ಅಲ್ಲಿನ ಆಲ್ ಅಮೆರಿಕ ಸೆಲೆಕ್ಷನ್ಸ್ ಪ್ರಶಸ್ತಿ ಪಡೆದದ್ದು. ತುಳಸಿಕಟ್ಟೆಗೂ ಇದಕ್ಕೂ ಸಂಬಂಧ ಇಲ್ಲ, ಧೈರ್ಯವಾಗಿ ಕೀಳಿ.

ಶಿವಮೊಗ್ಗ ಪೇಟೆಯಿಂದ:

ಅಡುಗೆಗೆ ಬರುತ್ತೆ, ಆದ್ರೆ ಒಲೆ ತೋರಿಸಬೇಡಿ. ಕಾದ ತಕ್ಷಣ ನೇರಳೆ ಹೋಗಿ ಕೆಸರು ಬಣ್ಣ. ಈ ಬಣ್ಣ ಬಿಡೋದು ಹುಳಿಗೆ. ಒಂದು ಹಿಡಿ ಎಲೆಯನ್ನ ನಿಂಬೆರಸದಲ್ಲಿ ಹಿಸುಕಿ ಸ್ವಲ್ಪ ಹೊತ್ತು ಬಿಟ್ಟು ಸೋಸಿ ಪಾನಕ ಮಾಡಿ, ಗುಲಾಬಿ ಬಣ್ಣಕ್ಕೆ ಮಕ್ಕಳು ಲೋಟ ಬಿಡಲ್ಲ. ಬಿಳಿ ವಿನೆಗರ್ ಬಾಟಲಿಗೆ ತುಂಬಿಟ್ರೆ ಕೆಲವೇ ದಿನಕ್ಕೆ ಮಾಣಿಕ್ಯದ ಕೆಂಪು, ಸೌತೆಕಾಯಿ ಕೋಸಂಬರಿಗೆ ನಾಲ್ಕು ಹನಿ ಸಾಕು. ತಂಬುಳಿಗೆ ಜೀರಿಗೆ, ಕಾಳುಮೆಣಸು ಮಾತ್ರ ತುಪ್ಪದಲ್ಲಿ ಹುರಿದು, ಎಲೆ ಹಸಿಯಾಗೇ ಕಾಯಿ ಜೊತೆ ರುಬ್ಬಿ ಮಜ್ಜಿಗೆಗೆ. ರುಚಿ ಚೆನ್ನ, ಬಣ್ಣ ಮಾತ್ರ ಮಂಕು.

ನನ್ನ ಕೇಳಿದ್ರೆ ಇದರ ನಿಜವಾದ ಉಪಯೋಗ ಮಾಲೆಗೆ. ದುಂಡುಮಲ್ಲಿಗೆ ನಡುವೆ ಪಚ್ಚೆತೆನೆ ಬದಲು ಈ ಕುಡಿ ಸೇರಿಸಿ ಕಟ್ಟಿ ನೋಡಿ.

ಕೊಪ್ಪದಿಂದ:

ಪ್ರತಿ ವರ್ಷ ಈ ಗೋಳು ಬೇಡ ಅನ್ನೋರಿಗೆ ಆಫ್ರಿಕನ್ ಬ್ಲೂ ಇದೆ. ಇದೇ ಡಾರ್ಕ್ ಓಪಲ್ಲು, ಆಫ್ರಿಕದ ಕರ್ಪೂರ ತುಳಸಿ ಎರಡೂ ತಾನಾಗಿ ಬೆರೆತು ಹುಟ್ಟಿದ ಗಿಡ, 1983ರಲ್ಲಿ ಒಹಾಯೊದ ನರ್ಸರಿಯಲ್ಲಿ ಸಿಕ್ಕಿದ್ದು. ಬೀಜ ಕಟ್ಟಲ್ಲ, ಹಾಗಾಗಿ ಹೂ ನಿಲ್ಲಿಸೋದೂ ಇಲ್ಲ. ನಮ್ಮಲ್ಲಿ ಎತ್ತರದ ಧರೆ ಅಂಚಲ್ಲಿ ಮಳೆಗಾಲ ದಾಟಿದೆ. ಮಳೆ ಹೊಳವಾದ ಕೂಡಲೇ ತುಡುವೆ ಜೇನು ಮುತ್ತಿಕೊಳ್ಳುತ್ತೆ, ಜೇನುಪೆಟ್ಟಿಗೆ ಇಟ್ಟವರು ಒಂದು ಸಾಲೇ ನೆಡಬಹುದು. ತಿನ್ನೋಕೆ ಮಾತ್ರ ಕರ್ಪೂರ ಅಗಿದ ಹಾಗಾಗುತ್ತೆ.

ತೀರ್ಥಹಳ್ಳಿ ಕಡೆಯಿಂದ:

ಎಲ್ಲರಿಗೂ ಧನ್ಯವಾದ. ಕುಡಿ ನೀರಿಗೆ ಹಾಕಿದೀನಿ. ಒಣಗಿದ ತೆನೆಯಲ್ಲಿ ಬೀಜ ಇದೆ, ಅದನ್ನೂ ಹಾಕಲಾ? ಹಿತ್ತಲಲ್ಲಿ ಹಸಿರು ಕಾಮಕಸ್ತೂರಿಯೂ ಇದೆ.

ಸಾಗರದಿಂದ:

ಪಕ್ಕದಲ್ಲೇ ಹಸಿರು ಇದ್ರೆ ಜೇನು ಎರಡನ್ನೂ ಬೆರೆಸಿರುತ್ತೆ. ಸಸಿಗಳಲ್ಲಿ ಕೆಲವು ಹಸಿರು, ಕೆಲವು ಕಲೆಕಲೆ ಬರುತ್ತೆ. ಒಂದೇ ಹಿತ್ತಿಲಲ್ಲಿ ಡಾರ್ಕ್ ಓಪಲ್ ಮಾತ್ರ ಇದ್ರೂ ಒಂದಷ್ಟು ಸಸಿ ಹಸಿರಾಗೋದು ಈ ತಳಿಯ ಗುಣ. ಅಪ್ಪಟ ನೇರಳೆ ಬೇಕಾದ್ರೆ ಕುಡಿಯೇ ಸರಿ. ಬೀಜವನ್ನ ಮಳೆ ಬಿಟ್ಟ ಮೇಲೆ ಬಿತ್ತಿ, ಮಣ್ಣು ಮುಚ್ಚದೆ ಮೇಲೇ ಉದುರಿಸಿ. ಮಿಕ್ಕಿದ್ದನ್ನ ಡಬ್ಬಿಯಲ್ಲಿಟ್ಟು ಬೇಸಿಗೆಯಲ್ಲಿ ನೆನೆಸಿ ಶರಬತ್ತಿಗೆ ಹಾಕಿ, ಹಸಿರು ಕಾಮಕಸ್ತೂರಿ ಬೀಜದ ಹಾಗೇ ಉಬ್ಬುತ್ತೆ.