ಚಮಚದ ಮೇಲೆ ಕೋಟೆ ಮುದ್ರೆ: ಯಾವ ಊರಿನದು?

ಪ್ರಶ್ನೆ: ಬೆಳ್ಳಿ ಚಮಚದ ಹಿಡಿಯ ಹಿಂದೆ ಮೂರು ಗೋಪುರದ ಕೋಟೆ, ನಡೆಯುವ ಸಿಂಹ, ರಾಜನ ತಲೆ, ಒಂದು ಅಕ್ಷರ, ಇನಿಷಿಯಲ್ ಇವೆ. ಊರು, ಕಾಲ ಗುರುತಿಸುವುದು ಹೇಗೆ?

ಉತ್ತರ 1: ಇಂಗ್ಲೆಂಡಿನ ಎಕ್ಸೆಟರ್. ಬೆಳ್ಳಿ ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿ ಅಲ್ಲಿತ್ತು, ಕೋಟೆ ಅದರ ಗುರುತು. ಎಡಿನ್‌ಬರೋ ಮುದ್ರೆಯೂ ಕೋಟೆಯೇ, ಆದರೆ ಆ ಕಾಲದಲ್ಲಿ ಅದರ ಜೊತೆಗಿರುವುದು ಸಿಂಹವಲ್ಲ, ಥಿಸಲ್ ಹೂ. ನ್ಯೂಕಾಸಲ್‌ನದು ಬಿಡಿಬಿಡಿ ಮೂರು ಕೋಟೆ. ರಾಜನ ತಲೆ ಸುಂಕ ಕಟ್ಟಿದ ಗುರುತು, 1784ರ ಡಿಸೆಂಬರ್‌ನಿಂದ ಶುರು. 1837ರಲ್ಲಿ ವಿಕ್ಟೋರಿಯಾ ಪಟ್ಟಕ್ಕೆ ಬಂದ ಮೇಲೆ ಕ್ರಮೇಣ ರಾಣಿಯ ತಲೆ ಬಂತು. ಅಲ್ಲಿಗೆ ಕಾಲ ಅರ್ಧ ಸಿಕ್ಕಂತೆ.

ಉತ್ತರ 2: ಆ ಒಂದು ಅಕ್ಷರ ಮುದ್ರೆ ಒತ್ತಿದ ವರ್ಷದ ಗುರುತು, ಆದರೆ ವರ್ಷ ತಿಳಿಯಲು ಅದೊಂದೇ ಸಾಲದು. ಅಕ್ಷರಮಾಲೆ ಮುಗಿದರೆ ಮತ್ತೆ ಮೊದಲಿಂದ. ಲಿಪಿಯ ಶೈಲಿ, ಸುತ್ತಲಿನ ಚೌಕಟ್ಟು ಎರಡೂ ಆ ವರ್ಷದ ಅಕ್ಷರಕ್ಕೆ ಹೊಂದಬೇಕು. ಪಾಲಿಶ್ ಹಾಕಬೇಡಿ, ಅಂಚು ಸವೆಯುತ್ತದೆ. ಓರೆ ಬೆಳಕು, 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಭೂತಗನ್ನಡಿ) ಸಾಕು.

ಉತ್ತರ 3: ಇನಿಷಿಯಲ್ ಅಕ್ಕಸಾಲಿಗನದು; ಅದನ್ನು ಕಂಡು ಎಕ್ಸೆಟರ್‌ನವನೇ ಅನ್ನಬೇಡಿ! ಪ್ಲಿಮತ್‌ನ ಅಕ್ಕಸಾಲಿಗರೂ ಮುದ್ರೆಗೆ ಅಲ್ಲಿಗೇ ಕಳಿಸುತ್ತಿದ್ದರು. ಎಕ್ಸೆಟರ್ ಮುದ್ರೆ ಕಚೇರಿ 1883ರಲ್ಲಿ ಮುಚ್ಚಿತು.